ಸ್ಕ್ಯಾನರಿನಲ್ಲಿ ಸಿಕ್ಕಿಬಿದ್ದ ಪ್ಲೂಟೊ

ಪರೇಲಿನ ಒಂದು ಆಫೀಸಿನಲ್ಲಿ ಮಕ್ಕಳಿಗಾಗಿ ಆಕಾಶದ ಪ್ರದರ್ಶನವಿತ್ತು. ಥರ್ಮಾಕೋಲಿನ ಮೂರು ಗೋಳ ಹೊತ್ತು ಗೇಟಿಗೆ ಬಂದೆ: ಕ್ಷುದ್ರಗ್ರಹ ವೆಸ್ಟಾ, ಅದರ ಹತ್ತಿರ ಹತ್ತಿರ ಎರಡರಷ್ಟಿರುವ ಸಿರಿಸ್, ಸಿರಿಸ್‌ನ ಎರಡೂವರೆ ಪಟ್ಟಿರುವ ಪ್ಲೂಟೊ. ಮೊದಲೆರಡು ಗೇಟಿನ ಬ್ಯಾಗ್ ತಪಾಸಣೆಯ ಸ್ಕ್ಯಾನರ್ ದಾಟಿದವು. ಪ್ಲೂಟೊ ಅದರ ಬಾಯಲ್ಲೇ ಸಿಕ್ಕಿಕೊಂಡಿತು.

ನನ್ನ ಹಿಂದಿ ಕೇಳಿಯೇ ವಿಜಯಪುರ ಕಡೆಯ ವಾಚ್‌ಮನ್ ಕನ್ನಡಕ್ಕಿಳಿದರು. "ಏನ್ರಿ ಇದು?"

"ಕುಬ್ಜ ಗ್ರಹ."

"ಕುಬ್ಜ ಅಂತೀರಿ, ಮಷಿನ್ನಾಗ ಹಿಡಿಯವಲ್ದು! ಸ್ವಲ್ಪ ಕೆತ್ತಿ ಸಣ್ಣದ ಮಾಡ್ರಿ."

"ಅಳತೆ ತಪ್ಪುತ್ತೆ. ಮಕ್ಕಳಿಗೆ ಸುಳ್ಳು ತೋರಿಸಿದ ಹಾಗಾಗುತ್ತೆ" ಎಂದು ಅಂಗಲಾಚಿದೆ.

ಅವರು ಯೋಚಿಸಿ, ಮನುಷ್ಯರನ್ನು ತಪಾಸಣೆ ಮಾಡುವ ಹಾಗೆ ಪ್ಲೂಟೊದ ಸುತ್ತ ಕೈಯಾಡಿಸಿ ಒಳಗೆ ಬಿಟ್ಟರು.

"ಭೂಮಿ ಇದಕ್ಕಿಂತ ದೊಡ್ಡದೇನ್ರಿ?"

"ಅಗಲದಲ್ಲೇ ಐದು ಪಟ್ಟಿಗೂ ಹೆಚ್ಚು."

"ಹಂಗಾದ್ರ ಅದನ್ನ ತರಬ್ಯಾಡ್ರಿ ಮತ್ತ."

ಭೂಮಿ ಆಗಲೇ ಅಂಧೇರಿಯಿಂದ ಟೆಂಪೋದಲ್ಲಿ ಹೊರಟಾಗಿತ್ತು.