ಸಂಪಾಜೆಗೆ ನನಗಿಂತ ಮೊದಲು ಬಂದವನು

ಇಂಥ ಸಂಗತಿಗಳನ್ನು ಯಾರಾದರೂ ಹೇಳಲು ತೊಡಗಿದರೆ ನಾನು ಮೆಲ್ಲಗೆ ಎದ್ದು ಹೋಗುತ್ತಿದ್ದವನು. ನಮ್ಮ ಕಡೆ ಮದುವೆಮನೆಯಲ್ಲೋ ಸತ್ತವರ ಬೊಜ್ಜದ ಮನೆಯಲ್ಲೋ ಊಟ ಮುಗಿಸಿ ನಾಲ್ಕು ಜನ ಕೂತರೆ ಒಬ್ಬರಾದರೂ ಒಂದು ಕಥೆ ತೆಗೆಯುತ್ತಾರೆ. ಸೇತುವೆಯ ಹತ್ತಿರ ಬೈಕಿಗೆ ಕೈ ತೋರಿಸಿದ ಹೆಂಗಸು, ತೀರಿಹೋದ ದಿನವೇ ಅಂಗಡಿಗೆ ಬಂದು ಬೀಡಿ ಕೊಂಡ ಮಾವ. ನಾನು ಕರೆಂಟಿನ ಕೆಲಸದವನು. ಯಂತ್ರ ನಿಂತರೆ ಅದಕ್ಕೊಂದು ಕಾರಣ ಇರುತ್ತದೆ, ಹುಡುಕಿದರೆ ಸಿಗುತ್ತದೆ, ಸಿಗದಿದ್ದರೆ ಹುಡುಕಿದ್ದು ಸಾಲದು. ನನ್ನ ನಂಬಿಕೆ ಇಷ್ಟೇ ಆಗಿತ್ತು. ಈಗ ನಾನೇ ಹೇಳಲು ಕೂತಿದ್ದೇನೆ. ನೀವು ಎದ್ದು ಹೋದರೆ ನನಗೆ ಬೇಸರವಿಲ್ಲ.

ಕೆಲವು ವರ್ಷಗಳಿಂದ ನನ್ನ ಕೆಲಸ ಎಲೆಕ್ಟ್ರಿಕ್ ಕಾರುಗಳ ಚಾರ್ಜಿಂಗ್ ಸ್ಟೇಷನ್ ನೋಡಿಕೊಳ್ಳುವುದು. ಪುತ್ತೂರು, ಕಡಬ, ಸುಳ್ಯ, ಆಚೆ ಸಂಪಾಜೆಯವರೆಗೆ ನಮ್ಮ ಕಂಪನಿಯ ಚಾರ್ಜರುಗಳಿವೆ. ಹೋಟೆಲಿನ ಅಂಗಳದಲ್ಲಿ, ಪೆಟ್ರೋಲ್ ಬಂಕಿನ ಮೂಲೆಯಲ್ಲಿ, ಹೀಗೆ. ನೋಡುವವರಿಗೆ ಅದೊಂದು ಕಬ್ಬಿಣದ ಕಪಾಟು, ಪಕ್ಕದಲ್ಲಿ ನೇತಾಡುವ ದಪ್ಪ ಕೇಬಲ್. ಒಳಗೆ ಮನುಷ್ಯನನ್ನು ಕೊಲ್ಲಲು ಬೇಕಾದ್ದಕ್ಕಿಂತ ಎಷ್ಟೋ ಪಾಲು ಹೆಚ್ಚಿನ ಕರೆಂಟ್ ಇರುತ್ತದೆ. ಮೇನ್ ಸ್ವಿಚ್ ತೆಗೆದ ಮೇಲೂ, ಅಂದರೆ ಆಫ್ ಮಾಡಿದ ಮೇಲೂ, ಒಳಗಿನ ಕೆಲವು ಭಾಗಗಳಲ್ಲಿ ಸ್ವಲ್ಪ ಹೊತ್ತು ಕರೆಂಟ್ ನಿಂತಿರುತ್ತದೆ. ಅದು ಇಳಿಯುವವರೆಗೆ ಕಾದು, ಮೀಟರ್ ಹಿಡಿದು ನೋಡಿ, ಆಮೇಲೆ ಕೈ ಹಾಕಬೇಕು.

ಇನ್ನೊಂದು ಕ್ರಮ ಉಂಟು. ನಾವು ಒಳಗೆ ಕೈ ಹಾಕಿರುವಾಗ ಗೊತ್ತಿಲ್ಲದವರು ಯಾರಾದರೂ ಹೋಗಿ ಮೇನ್ ಹಾಕಿಬಿಟ್ಟರೆ ಕಥೆ ಮುಗಿಯಿತು. ಅದಕ್ಕೆ ಸ್ವಿಚ್ ತೆಗೆದು ಅದರ ಹಿಡಿಗೆ ಒಂದು ಕೆಂಪು ಬೀಗ ಹಾಕುತ್ತೇವೆ. ಪ್ರತಿಯೊಬ್ಬ ಟೆಕ್ನಿಷಿಯನ್‌ಗೂ ಅವನದೇ ಬೀಗ, ಅದಕ್ಕೆ ಒಂದೇ ಕೀ. ಹಾಕಿದವನೇ ತೆಗೆಯಬೇಕು. ನನ್ನ ಬೀಗದ ತಳದಲ್ಲಿ ಮಗಳು ಒಂದು ದಿನ ಉಗುರಿಗೆ ಹಚ್ಚುವ ನೀಲಿ ಬಣ್ಣದಲ್ಲಿ ಚುಕ್ಕೆ ಇಟ್ಟಿದ್ದಳು. ಹಾಗಾಗಿ ಅದು ಬೇರೆಯವರದ್ದರ ಜೊತೆ ಬದಲಾಗುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನಾನು ಬಹಳ ದಣಿದಿದ್ದೆ. ನನ್ನ ಜೊತೆ ಸುಳ್ಯ ಕಡೆಯನ್ನು ನೋಡಿಕೊಳ್ಳುತ್ತಿದ್ದ ಸತೀಶ ಕೆಲಸ ಬಿಟ್ಟು ಹೋಗಿದ್ದ. ಅವನ ಜಾಗಕ್ಕೆ ಜನ ಬರುತ್ತಾರೆ ಬರುತ್ತಾರೆ ಎನ್ನುತ್ತಲೇ ಇದ್ದರು. ಮೂರು ತಾಲೂಕಿಗೆ ನಾನೊಬ್ಬ. ಸಂಜೆಯಾದರೆ ಗುಡುಗು ಸಿಡಿಲು, ಒಂದು ಸಿಡಿಲಿಗೆ ಒಂದೆರಡು ಚಾರ್ಜರ್ ಹಾಳು. ರಜೆಯ ಕಾಲ, ಕೊಡಗಿಗೆ ಹೋಗುವ ಕಾರುಗಳು ಸಾಲು ಸಾಲು. ಚಾರ್ಜ್ ಮುಗಿದು ದಾರಿಯಲ್ಲಿ ಸಿಕ್ಕಿಬಿದ್ದವರು ನನಗೆ ಫೋನ್ ಮಾಡಿ ಬೈಯುತ್ತಿದ್ದರು. ಅವರದ್ದೂ ತಪ್ಪಲ್ಲ. ಮನೆಗೆ ಬಂದು ಮಲಗಿದರೆ ನಿದ್ದೆಯಲ್ಲೂ ಫೋನ್ ರಿಂಗಾದ ಹಾಗೆ ಆಗಿ ಎದ್ದು ಕೂರುತ್ತಿದ್ದೆ. ಊಟದ ರುಚಿ ಗೊತ್ತಾಗುತ್ತಿರಲಿಲ್ಲ. ನಾನು ಮಾತಾಡುವುದನ್ನೇ ಕಡಿಮೆ ಮಾಡಿದ್ದೇನೆ ಎಂದು ಹೆಂಡತಿ ಹೇಳುತ್ತಿದ್ದಳು. ನನಗೆ ಅದೂ ಗೊತ್ತಾಗಿರಲಿಲ್ಲ.

ಆ ದಿನ ಬೆಳಿಗ್ಗೆ ಕಡಬದ ಚಾರ್ಜರಿನ ಕೆಲಸ ಮುಗಿಸಿದೆ. ಬೀಗ ತೆಗೆದು ಚೀಲಕ್ಕೆ ಹಾಕಿ ಮೇನ್ ಹಾಕಿದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ಬೀಗ ತೆಗೆಯದೆ ಮೇನ್ ಹಾಕಲು ಆಗುವುದೇ ಇಲ್ಲ. ಅಷ್ಟರಲ್ಲಿ ಸಂಪಾಜೆಯಿಂದ ಪೂವಪ್ಪಣ್ಣನ ಫೋನ್ ಬಂತು. ಅಲ್ಲಿ ರಸ್ತೆ ಬದಿಯಲ್ಲಿ ಅವರದೊಂದು ಊಟದ ಹೋಟೆಲ್, ಅಂಗಳದಲ್ಲಿ ನಮ್ಮ ಚಾರ್ಜರ್. ನಿನ್ನೆಯ ಸಿಡಿಲಿಗೆ ಮಿಷನ್ ಜುಯ್ ಅನ್ನುತ್ತಿತ್ತು, ಹೆದರಿ ಮೇನ್ ತೆಗೆದಿಟ್ಟಿದ್ದೇನೆ ಎಂದರು. ಪುತ್ತೂರಿನ ಮೇಲಾಗಿ ಬರಬೇಕು, ಹೊತ್ತಾಗುತ್ತದೆ ಎಂದು ಹೇಳಿ ಹೊರಟೆ.

ಕೊಯಿಲದಲ್ಲಿ ಜಾನುವಾರು ಫಾರ್ಮಿನ ಬೇಲಿಯ ಪಕ್ಕ ಬರುವಾಗ ಕಣ್ಣು ಕೂಡಿಕೊಂಡು ಬಂತು. ರಸ್ತೆ ಎರಡಾಗಿ ಕಾಣಿಸಿತು. ಇನ್ನು ಓಡಿಸಿದರೆ ಯಾರಿಗಾದರೂ ಗುದ್ದುತ್ತೇನೆ ಎಂದು ಕಂಡು ಮರದ ನೆರಳಿಗೆ ಕಾರು ಹಾಕಿದೆ. ಗಾಜು ಒಂದು ಬೆರಳು ಇಳಿಸಿ, ಬಾಗಿಲು ಲಾಕ್ ಮಾಡಿ, ಸೀಟು ಹಿಂದಕ್ಕೆ ಒರಗಿಸಿದೆ. ಹತ್ತು ನಿಮಿಷ ಅಂದುಕೊಂಡಿದ್ದೆ. ಚೀಲ ಪಕ್ಕದ ಸೀಟಿನಲ್ಲಿತ್ತು.

ಗಾಜಿಗೆ ಬಡಿದ ಸದ್ದಿಗೆ ಎಚ್ಚರವಾದಾಗ ಬಿಸಿಲು ಆಚೆ ಬದಿಗೆ ತಿರುಗಿತ್ತು. ಪಿಕಪ್ಪಿನಲ್ಲಿ ಹುಲ್ಲು ಸಾಗಿಸುವ ಅದ್ದುಚ್ಚ ಹೊರಗೆ ನಿಂತಿದ್ದರು. ಪುತ್ತೂರಿನಲ್ಲಿ ನಮ್ಮ ಮನೆಯ ಹತ್ತಿರದವರೇ.

"ಎಂತ ಮಾರಾಯ್ರೆ, ಹುಷಾರುಂಟಾ?" ಎಂದರು. "ನಾನು ಹುಲ್ಲು ಹಾಕಿ ಹೋಗುದು ಬರುದು ಮಾಡ್ತಾ ಇದ್ದೇನೆ, ಪ್ರತಿ ಸಲ ನೀವು ಬಾಯಿ ತೆರ್ದು ಹಾಗೆಯೇ ಮಲಗಿದ್ದೀರಿ. ಹೆದರಿಕೆ ಆಯ್ತು ನನಗೆ."

ಏನಿಲ್ಲ, ನಿದ್ದೆ ಅಷ್ಟೇ ಎಂದೆ. ಫೋನಿನಲ್ಲಿ ಪೂವಪ್ಪಣ್ಣನದೇ ಹಲವು ಕರೆಗಳು ಬಂದು ನಿಂತಿದ್ದವು. ಒಂದೂ ಕೇಳಿರಲಿಲ್ಲ. ಮುಖಕ್ಕೆ ನೀರು ಹಾಕಿಕೊಂಡು ಹೊರಟೆ. ಕೊಯಿಲದಿಂದ ಸಂಪಾಜೆಗೆ ಎಷ್ಟು ಬೇಗ ಹೋದರೂ ಎರಡು ಗಂಟೆಯ ದಾರಿ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ನಾನು ಮುಟ್ಟುವಾಗ ಬಿಸಿಲಿಳಿದಿತ್ತು. ಹೋಟೆಲಿನಲ್ಲಿ ಜನ ಇರಲಿಲ್ಲ. ಪೂವಪ್ಪಣ್ಣನ ಹೆಂಡತಿ ಯಮುನಕ್ಕ ಗ್ಲಾಸುಗಳನ್ನು ಒರೆಸಿ ಬೋರಲು ಹಾಕುತ್ತಿದ್ದರು. ಆ ಚಾರ್ಜರ್ ಕೂರಿಸಿದ ದಿನದಿಂದ ನನ್ನನ್ನು ಬಲ್ಲವರು. ನನ್ನನ್ನು ಕಂಡು ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ.

"ಸಾಮಾನು ಸಿಕ್ಕಿತಾ?" ಎಂದು ಕೇಳಿದರು.

"ಯಾವ ಸಾಮಾನು ಅಕ್ಕ?"

"ಅಲ್ಲ, ಆಗ ಬಂದು ಹೋದ್ರಲ್ಲ. ಸಾಮಾನು ತರ್ಲಿಕ್ಕೆ ಹೋದದ್ದು ಅಂತ ನಾನು ಗ್ರಹಿಸಿದೆ."

ನಾನು ಈಗಷ್ಟೇ ಬರುತ್ತಿದ್ದೇನೆ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡರೋ ಏನೋ, ಸ್ವಲ್ಪ ನಕ್ಕರು. ಮತ್ತೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಒಳಗಿನಿಂದ ಪೂವಪ್ಪಣ್ಣ ಬಂದರು. ಅವರಿಗೆ ಸಿಟ್ಟಿತ್ತು.

"ಬೀಗ ಹಾಕಿ ಹೋಗುದಾದ್ರೆ ಫೋನಾದ್ರೂ ತೆಗಿಬೇಕಲ್ಲ ಮಾರಾಯ್ರೆ. ಮೈಸೂರಿಗೆ ಹೋಗುವವರು ಬಂದಿದ್ರು, ಕಾರಲ್ಲಿ ಚಾರ್ಜ್ ಇಲ್ಲ. ಒಮ್ಮೆ ಮೇನ್ ಹಾಕಿ ನೋಡಿ ಅಂತ ಒಂದೇ ಒತ್ತಾಯ. ಸರಿ ಅಂತ ಹೋದ್ರೆ ನಿಮ್ಮ ಬೀಗ ನೇತಾಡ್ತಾ ಉಂಟು. ಬೈದು ಹೋದ್ರು ಅವ್ರು."

ನಾನು ಹೋಟೆಲಿನ ಹಿಂದಿನ ಸ್ವಿಚ್ ಕೋಣೆಗೆ ಹೋದೆ. ಮೇನಿನ ಹಿಡಿ ಕೆಳಗಿತ್ತು. ಅದರಲ್ಲಿ ಕೆಂಪು ಬೀಗ. ತಿರುಗಿಸಿ ತಳ ನೋಡಿದೆ. ನೀಲಿ ಚುಕ್ಕೆ ಇತ್ತು.

ಚೀಲ ತೆಗೆದು ಹುಡುಕಿದೆ. ನೆಲಕ್ಕೆ ಸುರಿದು ಹುಡುಕಿದೆ. ಬೀಗ ಇರಲಿಲ್ಲ. ಕೀ ನನ್ನ ಸೊಂಟದ ಗೊಂಚಲಿನಲ್ಲೇ ಇತ್ತು. ಹಾಕಿದೆ, ತೆರೆಯಿತು. ಮತ್ತೆ ಹಾಕಿ ಬೀಗ ಒತ್ತಿ, ಅಲ್ಲೇ ಗೋಡೆಗೆ ಒರಗಿ ನಿಂತೆ. ಹೆದರಿಕೆ ಎನ್ನುವಂಥದ್ದಲ್ಲ. ಹೆದರಲೂ ಮೈಯಲ್ಲಿ ಸ್ವಲ್ಪ ಶಕ್ತಿ ಬೇಕು.

ಏನೇ ಇರಲಿ, ಕೆಲಸ ಮಾಡಬೇಕಿತ್ತು. ಚಾರ್ಜರಿನ ಬಾಗಿಲು ತೆರೆದು, ಕಾದು, ಒಂದೊಂದಾಗಿ ನೋಡುತ್ತಾ ಬಂದೆ. ಒಳಗೆ ಸುಟ್ಟ ವಾಸನೆ. ಒಂದು ವೈರಿನ ಸಿಪ್ಪೆ ಕರಗಿ ತಾಮ್ರ ಕಪಾಟಿನ ಕಬ್ಬಿಣಕ್ಕೆ ಅಂಟಿತ್ತು. ಹೀಗಾದಾಗ ಹೊರಗಿನ ಕಬ್ಬಿಣಕ್ಕೇ ಕರೆಂಟ್ ಬರುತ್ತದೆ. ಆದರೆ ಅದನ್ನು ನೆಲಕ್ಕೆ ಇಳಿಸಲು ಅರ್ತಿಂಗ್ ಪಟ್ಟಿ ಇರುತ್ತದೆ, ತಾನಾಗಿಯೇ ಬಿದ್ದು ಕರೆಂಟ್ ಕಡಿಯುವ ಬ್ರೇಕರ್ ಇರುತ್ತದೆ. ಬ್ರೇಕರ್ ಸಿಡಿಲಿಗೆ ಒಳಗೇ ಬೆಸೆದುಹೋಗಿತ್ತು, ಬೀಳುವ ಸ್ಥಿತಿಯಲ್ಲಿರಲಿಲ್ಲ. ಅರ್ತಿಂಗ್ ಪಟ್ಟಿಯನ್ನು ಹಿಡಿದು ಹೋದರೆ ಅಂಗಳದ ಅಂಚಿನಲ್ಲಿ ಅದು ತುಂಡಾಗಿತ್ತು. ಪಾರ್ಕಿಂಗಿಗೆ ಜಾಗ ಮಾಡಲು ಹಿಂದಿನ ವಾರ ಜೆಸಿಬಿ ಕರೆಸಿ ಮಣ್ಣು ತೆಗೆಸಿದ್ದರಂತೆ. ಆ ತಗ್ಗಿನಲ್ಲಿ, ಚಾರ್ಜರಿನ ಬುಡಕ್ಕೇ, ನಿನ್ನೆಯ ಮಳೆನೀರು ನಿಂತಿತ್ತು.

ಮೇನ್ ಹಾಕಿದ್ದರೆ ಇಡೀ ಕಪಾಟಿಗೇ ಕರೆಂಟ್.

ಪೂವಪ್ಪಣ್ಣನಿಗೆ ತೋರಿಸಿ ವಿವರಿಸಿದೆ. ಅವರು ಕೆಳಗಿನ ನೀರನ್ನು, ಮತ್ತೆ ನನ್ನನ್ನು ನೋಡಿದರು. ಹಿಂದೆ ಬಂದು ನಿಂತಿದ್ದ ಯಮುನಕ್ಕ ನಿಧಾನಕ್ಕೆ ಹೇಳಿದರು.

"ಆ ಕಾರಿನವರ ಮಗು ಇತ್ತು. ಸಣ್ಣದು. ಚಪ್ಪಲಿ ಬಿಚ್ಚಿ ಬಿಸಾಡಿ ಈ ನೀರಲ್ಲೇ ಆಡ್ತಾ ಇತ್ತು, ಮಿಷನನ್ನು ಹಿಡ್ಕೊಂಡು. ಇವ್ರು ಮೇನ್ ಹಾಕ್ಲಿಕ್ಕೆ ಹೋದಾಗ ಕೂಡ."

ಪೂವಪ್ಪಣ್ಣ ಹೋಟೆಲಿನ ಮೆಟ್ಟಿಲ ಮೇಲೆ ಕೂತುಬಿಟ್ಟರು.

ಬಂದವನು ಹೇಗಿದ್ದ ಎಂದು ನಾನು ಯಮುನಕ್ಕನನ್ನು ಕೇಳಿದೆ. ಕೇಳುವಾಗ ನನಗೇ ನಾಚಿಕೆಯಾಯಿತು.

"ಹೇಗಂದ್ರೆ? ನೀವೇ. ಇದೇ ಅಂಗಿ," ಎಂದರು. "ಕಾರು ನಾನು ನೋಡ್ಲಿಲ್ಲ, ಕೆಳಗೆ ನಿಲ್ಲಿಸಿರ್ಬೇಕು ಅಂತ ಎಣಿಸಿದ್ದು. ಸೀದ ಹಿಂದೆ ಹೋದ್ರಿ, ಬಂದ್ರಿ. ನಾನು ಬರುವವರೆಗೆ ಯಾರೂ ಮುಟ್ಟುದು ಬೇಡ ಅಂತ ಹೇಳಿದ್ರಿ. ಇವ್ರಿಗೆ ಅದನ್ನು ಹೇಳ್ಲಿಕ್ಕೆ ನನಗೆ ಮರ್ತೇ ಹೋಯ್ತು. ಮೋರೆ ಬಾಡಿ ಹೋಗಿತ್ತು ನಿಮ್ದು. ನಾನು ಊಟ ಮಾಡಿ ಅಂತ ಹೇಳಿದೆ. ಕೈ ತೊಳ್ದು ಬಂದು ಕೂತ್ರಿ ಸಹ. ಅನ್ನ ಹಾಕಿ ಸಾರು ತರುವಾಗ ಇಲ್ಲ. ಅವಸರ ಇರ್ಬೇಕು, ಪಾಪ, ಅಂತ ಅಂದ್ಕೊಂಡೆ."

ಅವರು ಹೇಳಿದ ಆ ಹೊತ್ತು ಮಧ್ಯಾಹ್ನದ ಊಟದ ಹೊತ್ತು. ನಾನು ಕೊಯಿಲದಲ್ಲಿ ಲಾಕ್ ಮಾಡಿದ ಕಾರಿನೊಳಗೆ ಬಾಯಿ ತೆರೆದು ಮಲಗಿದ್ದ ಹೊತ್ತು.

ನಾನು ಸುಮ್ಮನೆ ಬಿಡಲಿಲ್ಲ. ಹೋಟೆಲಿನ ಕ್ಯಾಮೆರಾ ಕೇಳಿದೆ. ಅದೂ ಅದೇ ಸಿಡಿಲಿಗೆ ಸುಟ್ಟಿತ್ತು. ಅವನೇನಾದರೂ ಬಂದಿದ್ದನೋ ಎಂದು ಮರುದಿನ ಸತೀಶನಿಗೆ ಫೋನ್ ಮಾಡಿದೆ; ಅವನು ದುಬೈಯಲ್ಲಿದ್ದ. ಯಾರಾದರೂ ನನ್ನ ಬೀಗ ಕದ್ದು ತಂದು ಹಾಕಿರಬಹುದೇ ಎಂದು ಯೋಚಿಸಿದೆ. ಕದ್ದವನು ಎರಡು ಗಂಟೆಯ ದಾರಿ ಹೋಗಿ ಒಳ್ಳೆಯ ಕೆಲಸ ಮಾಡಿ ಬರುವುದು ಯಾಕೆ? ನಾನೇ ಹೋಗಿ ಬಂದು ಮರೆತೆನೇ? ದಣಿದವನಿಗೆ ಮರೆವು ಬರುತ್ತದೆ, ಒಪ್ಪುತ್ತೇನೆ. ಅದ್ದುಚ್ಚನ ಮನೆಗೇ ಹೋಗಿ, ಅಂದು ಕಾರಿನಲ್ಲಿ ಮಲಗಿದ್ದವನು ನಾನೇ ಹೌದಾ ಎಂದು ಕೇಳಿದೆ. ಅವರು ನನ್ನ ಮುಖ ನೋಡಿ, "ನೀವು ಒಮ್ಮೆ ಡಾಕ್ಟ್ರಿಗೆ ತೋರಿಸಿ" ಎಂದರು. ತೋರಿಸಿದೆ ಕೂಡ. ನಿದ್ದೆ ಸಾಲದು ಎಂದು ಹೇಳಿ ಕಳಿಸಿದರು.

ಹೆಂಡತಿಗೆ ತಡವಾಗಿ ಹೇಳಿದೆ. ಅವಳು ಹೆದರಬಹುದು, ದೈವಕ್ಕೆ ಏನಾದರೂ ಹರಕೆ ಹೇಳಬಹುದು ಎಂದುಕೊಂಡಿದ್ದೆ. ಅವಳು ಅಕ್ಕಿ ಆರಿಸುತ್ತಿದ್ದಳು. ಪೂರ್ತಿ ಕೇಳಿ, ಕೈ ನಿಲ್ಲಿಸದೆ, "ಬಡಿಸಿದ ಮೇಲೆ ಉಣ್ಣದೆ ಎದ್ದು ಹೋದದ್ದಾದ್ರೆ ಅದು ನೀವೇ" ಎಂದಳು. ಮತ್ತೆ ಅಕ್ಕಿಯ ತಟ್ಟೆ ಬದಿಗಿಟ್ಟು ಒಳಗೆ ಹೋದಳು. ಅಳುತ್ತಿದ್ದಳೆಂದು ಕಾಣುತ್ತದೆ.

ಈಗ ಸುಳ್ಯ ಕಡೆಗೆ ಬೇರೆ ಜನ ಬಂದಿದ್ದಾರೆ. ಸಂಪಾಜೆಯಲ್ಲಿ ಹೊಸ ಅರ್ತಿಂಗ್ ಗುಂಡಿ ತೋಡಿ, ಚಾರ್ಜರನ್ನು ಎತ್ತರದ ಕಟ್ಟೆಯ ಮೇಲೆ ಕೂರಿಸಿದ್ದೇವೆ. ಆ ಮಗು ಯಾರದ್ದು, ಈಗ ಎಷ್ಟು ದೊಡ್ಡದಾಗಿದೆ, ನನಗೆ ಗೊತ್ತಿಲ್ಲ. ಅದರ ತಂದೆ ತಾಯಿ ನಮ್ಮ ಸ್ಟೇಷನ್ನಿಗೆ ಇನ್ನೂ ಬೈಯುತ್ತಿರಬಹುದು. ಬೈಯಲಿ.

ಕಾರಣ ಹುಡುಕುವುದನ್ನು ನಾನು ಬಿಟ್ಟಿಲ್ಲ, ಆದರೆ ಸಿಕ್ಕಿಲ್ಲ. ನನಗೆ ಕಾಡುವುದು ಇನ್ನೊಂದು. ನನ್ನ ದಣಿವನ್ನು ನಾನು ಎಂದೂ ಕಣ್ಣಿಂದ ನೋಡಿದವನಲ್ಲ. ಯಮುನಕ್ಕ ನೋಡಿದರು. ನಾನು ನೆರಳಲ್ಲಿ ಮಲಗಿದ್ದಾಗ ಮೋರೆ ಬಾಡಿದ ಒಬ್ಬ ಮನುಷ್ಯ ಆ ಬಿಸಿಲಲ್ಲಿ ನನ್ನ ಕೆಲಸ ಮಾಡಿ, ಎರಡು ತುತ್ತೂ ಉಣ್ಣದೆ ಎದ್ದು ಹೋದ. ಎಲ್ಲಿಗೆ ಹೋದ, ಅವನಿಗೆ ಒರಗಲು ಎಲ್ಲಾದರೂ ಜಾಗ ಉಂಟೋ ಎಂದು ಯೋಚನೆ ಬರುತ್ತದೆ.

ಈಗಲೂ ಒಮ್ಮೊಮ್ಮೆ ದಾರಿಯಲ್ಲಿ ಕಾರು ನಿಲ್ಲಿಸಿ ಕಣ್ಣು ಮುಚ್ಚುತ್ತೇನೆ. ಎಚ್ಚರವಾದ ಕೂಡಲೇ ಫೋನ್ ತೆಗೆದು ನೋಡುವುದಿಲ್ಲ, ಕಾರು ಹೊರಡಿಸುವುದೂ ಇಲ್ಲ. ಏನೂ ಮಾಡದೆ ಸ್ವಲ್ಪ ಹೊತ್ತು ಕೂರುತ್ತೇನೆ. ನಾನು ಎದ್ದೆ ಎಂದು ಅವನಿಗೆ ತಿಳಿಯಲಿ. ಎಲ್ಲಿದ್ದರೂ ಅವನೂ ಸ್ವಲ್ಪ ಕೂರಲಿ.