ಬಾಗಿಲು ಕಳಚಿದ ವಾರ

ನಮ್ಮ ಯಜಮಾನರದು ಶಹಾಪುರದಲ್ಲಿ ಖಾರ ಕುಟ್ಟುವ ಗಿರಣಿ. ಎರಡನೆಯ ಯಂತ್ರ ಕೊಳ್ಳಲು ಮನೆಯನ್ನು ಬ್ಯಾಂಕಿಗೆ ಅಡವಿಟ್ಟಿದ್ದರು. ಯಂತ್ರ ಬಂತು, ಅದಕ್ಕೆ ತಕ್ಕಷ್ಟು ಗಿರಾಕಿ ಬರಲಿಲ್ಲ. ಕಂತುಗಳು ತಪ್ಪಿದವು. ಗುರುವಾರ ಬ್ಯಾಂಕಿನವರು ಮನೆ ನೋಡಲು ಬರುತ್ತಾರೆಂದು ಕಾಗದ ಬಂತು.

ಅತ್ತೆಯವರಿಗೆ ಅದರಲ್ಲಿ ಕೇಳಿಸಿದ್ದು ಜಪ್ತಿ ಒಂದೇ. ಅವರ ತವರು ಸುರಪುರ. ಸಣ್ಣವರಿದ್ದಾಗ ಕಂದಾಯ ಬಾಕಿಗೆಂದು ಹಂಡೆ, ಕೊಡ, ಕಡೆಗೆ ತಲಬಾಗಿಲನ್ನೂ ಗಾಡಿಗೆ ಹೇರಿಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು. ಬುಧವಾರ ಯಜಮಾನರು, ಮನೆಯನ್ನು ಅಣ್ಣನ ಹೆಸರಿಗೆ ಬರೆಯಲು ಬರುತ್ತದೇನೋ ಕೇಳಲೆಂದು ಯಾದಗಿರಿಗೆ ಹೋದರು. ಇತ್ತ ಅತ್ತೆ ಬಡಿಗರವನನ್ನು ಕರೆಸಿದರು.

"ಅತ್ತಿ, ಇವರು ಬಾಗಲ ಒಯ್ಯಂಗಿಲ್ರಿ," ಎಂದೆ.

"ನೀ ಕಂಡೀಯೇನು? ನಾ ಕಂಡೀನಿ. ಆ ಕಡಿ ಹಿಡಿ."

ಹಿಡಿದೆ. ಸಾಗುವಾನಿಯ ಎರಡು ಕದಗಳು ಪಕ್ಕದ ಮನೆಯ ದನದ ಕೊಟ್ಟಿಗೆ ಸೇರಿದವು. ಹಿಂದೆಯೇ ಪಾತ್ರೆಗಳೂ ಹೋದವು. ಮರುದಿನ ಬೆಳಿಗ್ಗೆ ಯಾರದೋ ಆಡು ನೆಟ್ಟಗೆ ಅಡುಗೆಮನೆಗೇ ಬಂದು ಮೆಂತ್ಯದ ಸಿವುಡು ತಿಂದಿತು.

ಯಾದಗಿರಿಯಿಂದ ಮರಳಿದ ಯಜಮಾನರು ಹೊಸ್ತಿಲಲ್ಲೇ ನಿಂತರು. "ಯವ್ವಾ, ಮನಿ ಬಾಯಿ ತಕ್ಕೊಂಡು ಕುಂತದಲ್ಲ!"

ಬೆನ್ನಿಗೇ ಬ್ಯಾಂಕಿನ ಸಾಹೇಬರು ಬಂದರು. ಬರಿಯ ಚೌಕಟ್ಟನ್ನು ಮೇಲೆ ಕೆಳಗೆ ನೋಡಿ, "ನೋಟಿಸ್ ಎಲ್ಲಿ ಹಚ್ಚಬೇಕ್ರಿ?" ಎಂದರು.

"ಹಚ್ಚಾಕೂ ಇಲ್ಲ, ಒಯ್ಯಾಕೂ ಇಲ್ಲ," ಎಂದರು ಅತ್ತೆ.

ಸಾಹೇಬರು ನಕ್ಕರು. "ಬಾಗಲ ನಮಗ ಯಾಕ ಬೇಕು ಅಮ್ಮಾ? ಮನಿನೇ ನಮ್ಮ ಕಡಿ ಅದ."

ಅತ್ತೆ ಮೆಲ್ಲಗೆ ಕಟ್ಟೆಯ ಮೇಲೆ ಕೂತರು. ನಮ್ಮದೇ ಪಾತ್ರೆಯನ್ನು ಪಕ್ಕದ ಮನೆಯಿಂದ ಕಡ ತಂದು ಚಹಾ ಕಾಸಿದೆ.

ಯಜಮಾನರು ಅಣ್ಣನ ಹೆಸರಿನ ವಿಚಾರ ತೆಗೆದರು. "ಅಡ ಇಟ್ಟ ಮನಿ ಹಂಗ ಬರದ್ರ ಕೋರ್ಟ್ ಕಚೇರಿ ತಿರಗತೀರಿ," ಎಂದರು ಸಾಹೇಬರು. "ಅದರ ಬದಲು ಹಿತ್ತಲಿನ ಜಾಗ ನೀವೇ ಮಾರ್ರಿ. ಅರ್ಜಿ ಕೊಟ್ರ ಬ್ಯಾಂಕಿನ ಒಪ್ಪಿಗಿ ಪತ್ರ ಸಿಗತದ. ರೊಕ್ಕ ಸೀದಾ ಸಾಲಕ್ಕ ಜಮಾ. ಹರಾಜಿಗೆ ಬಿಟ್ರ ಮನಿ, ಹಿತ್ತಲ ಎರಡೂ ಹೋಗತಾವ."

ಹಿತ್ತಲು ಅತ್ತೆಯವರ ರಾಜ್ಯ. ಕರಿಬೇವಿನ ಗಿಡ, ಮೆಣಸಿನಕಾಯಿ ಒಣಹಾಕುವ ಹಾಸುಗಲ್ಲು, ಬಿಸಿಲು ಕಾಯಿಸುವ ಮೂಲೆ ಎಲ್ಲವೂ ಅಲ್ಲೇ. ಯಾರೂ ಅವರ ಮುಖ ನೋಡುವ ಧೈರ್ಯ ಮಾಡಲಿಲ್ಲ.

"ಕುಂತು ಉಣ್ಣಾಕ ಮನಿ ಬೇಕು," ಎಂದರು ಕೊನೆಗೆ ಅತ್ತೆಯೇ. "ಮೆಣಸಿನಕಾಯಿ ಮಾಳಗಿ ಮ್ಯಾಲೂ ಒಣಗತಾವ."

ಹಿತ್ತಲು ಮಾರಿದೆವು, ಎರಡನೆಯ ಯಂತ್ರವನ್ನೂ ಮಾರಿದೆವು, ಸಾಲ ತೀರಿತು. ಹಳೆಯ ಯಂತ್ರ ಮೂವರಿಗೆ ಸಾಲುವಷ್ಟು ದುಡಿಯುತ್ತದೆ. ಮೆಣಸಿನಕಾಯಿ ಬುಟ್ಟಿ ಮಾಳಿಗೆಗೆ ಹೊರುವುದು ನನ್ನ ಪಾಲಿಗೆ ಬಂದಿದೆ. ಬೈಯುವುದು ಕೆಳಗಿನಿಂದ ಅತ್ತೆಯವರದು.

ಬ್ಯಾಂಕಿನಿಂದ ಮನೆಯ ಕಾಗದಗಳು ಬಂದ ದಿನ, ಅತ್ತೆ ನನ್ನಿಂದ ನಾಲ್ಕು ದಿಕ್ಕಿನ ಚೆಕ್ಕುಬಂದಿ ಓದಿಸಿದರು. ಪೂರ್ವಕ್ಕೆ ರಸ್ತೆ, ದಕ್ಷಿಣಕ್ಕೆ ಓಣಿ, ಉತ್ತರಕ್ಕೆ ಪಕ್ಕದವರ ಮನೆ. ಪಶ್ಚಿಮಕ್ಕೆ ನಮ್ಮದೇ ಹಿತ್ತಲು ಎಂದು ಹಳೆಯ ಪತ್ರದಲ್ಲಿತ್ತು. ನಾನು ಅಲ್ಲಿಗೆ ಬಂದು ಓದು ನಿಲ್ಲಿಸಿದೆ.

"ಅದು ಬಿಡು," ಎಂದರು ಅತ್ತೆ, ಕಣ್ಣು ಮುಚ್ಚಿಕೊಂಡು. "ನಡುವಿನ ಮನಿ ಯಾರದಂತ ಬರದಾರ, ಅದನ್ನ ಓದು."