ಗಣಪ ಜರುಗಿದ ದಿನ

ಬಲಗಣ್ಣಿನ ದೃಷ್ಟಿ ಹೋದ ಮೇಲೆ ನಮ್ಮ ಯಜಮಾನರು ಮೊದಲು ಬಿಟ್ಟಿದ್ದು ಕಾರು ಓಡಿಸುವುದನ್ನು, ಆಮೇಲೆ ಹೊಸ್ತಿಲು ದಾಟುವುದನ್ನೇ ಬಿಟ್ಟರು. ದೂರ ಹತ್ತಿರದ ಅಂದಾಜು ಸಿಗದೆ, ಲೋಟಕ್ಕೆ ಬಗ್ಗಿಸಿದ ಕಾಫಿ ಮೇಜಿನ ಮೇಲೆ ಬೀಳುತ್ತಿತ್ತು. ಕ್ಯಾಬ್ ಹತ್ತಿದರೆ, ಎದುರು ಬರುವ ಲಾರಿಗಳೆಲ್ಲ ಮೈಮೇಲೇ ಬರುತ್ತಿವೆ ಎನಿಸಿ ಕೂಗಿಕೊಂಡುಬಿಡುತ್ತಿದ್ದರು, ಆಮೇಲೆ ನಾಚುತ್ತಿದ್ದರು. ಪೀಣ್ಯದ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಕಣ್ಣಲ್ಲೇ ಹಿಡಿಯುತ್ತಿದ್ದ ಮನುಷ್ಯ! ಅಲ್ಲಿನ ಹಳೆಯ ಗೆಳೆಯರ ಜೊತೆ ವಾರಕ್ಕೊಮ್ಮೆ ನಡೆಯುತ್ತಿದ್ದ ಕಾಫಿ, ಹರಟೆ ಎಲ್ಲ ನಿಂತಿತು. ಪೀಣ್ಯದಿಂದ ಊರಿನ ಇನ್ನೊಂದು ತುದಿಗಿರುವ ಹೂಡಿಯ ಮನೆಯಲ್ಲಿ ಗೋಡೆ ನೋಡುತ್ತಾ ಕೂತವರನ್ನು ಕಂಡು ನನಗೆ ಸಂಕಟ, ಅದಕ್ಕಿಂತ ಹೆಚ್ಚು ಸಿಟ್ಟು. ಐವತ್ತು ದಾಟಿದ್ದರೂ ಸರಿ, ಕಾರು ಕಲಿಯಲು ಹೊರಟೆ.

ಲೈಸೆನ್ಸ್ ಸಿಕ್ಕಿತು. ಆದರೆ ಕಾರಿನ ಎಡಚಕ್ರ ಎಲ್ಲಿದೆ ಎಂಬುದು ಮಾತ್ರ ದೇವರಿಗೇ ಗೊತ್ತು. ಅದಕ್ಕೆ ಯಜಮಾನರು ದೇವರನ್ನೇ ಹಿಡಿದರು. ಮನೆ ಮುಂದೆ, ಎಡಚಕ್ರವನ್ನು ರಸ್ತೆಯಂಚಿನ ಬಿಳಿಗೆರೆಯ ನೇರಕ್ಕೆ ನನ್ನಿಂದಲೇ ನಿಲ್ಲಿಸಿ, ಸ್ಟೀರಿಂಗ್ ಮುಂದೆ ಕೂತೇ ಇರಲು ಹೇಳಿ, ಡ್ಯಾಶ್‌ಬೋರ್ಡಿನ ಪುಟ್ಟ ಗಣಪನನ್ನು ಸರಿಸುತ್ತಾ ಹೋದರು.

“ಗೆರೆ ಗಣಪನ ಹಿಂದೆ ಮರೆಯಾದಾಗ ಹೇಳು.”

ಹೇಳಿದೆ. ಅಲ್ಲೇ ಅಂಟಿಸಿದರು. ಇನ್ನು ರಸ್ತೆಯಂಚು ಅವನ ಹಿಂದಿದ್ದರೆ ಎಡಚಕ್ರ ಅಂಚಿನ ನೇರಕ್ಕಿದೆ ಎಂದು ಲೆಕ್ಕ. ನೋಡಿದರೆ ಗಣಪ ನಿಂತದ್ದು ಹೆಚ್ಚುಕಡಿಮೆ ನಟ್ಟನಡುವೆ! ಚಕ್ರ ಅಷ್ಟು ಎಡಕ್ಕಿದ್ದರೂ ನನ್ನ ಕಣ್ಣಿಗೆ ಅದರ ದಾರಿ ಕಾಣುವುದು ನಡುವಿನಿಂದ. ಇಷ್ಟು ವರ್ಷ ಎಲ್ಲವೂ ಕಂಡ ಹಾಗೆಯೇ ಇದೆ ಅಂದುಕೊಂಡು ಬದುಕಿದ್ದೆನಲ್ಲ ಎಂದು ಬೆರಗಾದೆ.

ಆಯುಧಪೂಜೆಗೆ ಕಾರು ತೊಳೆದೆ. ಭಕ್ತಿ ಉಕ್ಕಿ ಗಣಪನನ್ನು ಕಿತ್ತು, ಒರೆಸಿ, ದರ್ಶನ ಚೆನ್ನಾಗಿರಲಿ ಎಂದು ನನ್ನೆದುರಿಗೇ ಅಂಟಿಸಿಕೊಂಡೆ. ಮಾರನೆಯ ದಿನ ಯಜಮಾನರನ್ನು ಬಲವಂತವಾಗಿ ಪಕ್ಕದಲ್ಲಿ ಕೂರಿಸಿಕೊಂಡು ಕಾಡುಗೋಡಿ ಕಡೆ ಹೊರಟೆ. ಎಂದಿನಂತೆ ರಸ್ತೆಯಂಚು ಗಣಪನ ಹಿಂದೆ ಬರುವ ಹಾಗೆ ಸ್ಟೀರಿಂಗ್ ತಿರುಗಿಸಿದೆ.

“ಮೋರಿ! ಮೋರಿ ಕಣೇ!”

ಬ್ರೇಕ್ ಒತ್ತಿದಾಗ ಎಡಚಕ್ರ ಮೋರಿಯ ಚಪ್ಪಡಿಯ ತುದಿಯಲ್ಲಿತ್ತು. ಅವರು ಇಳಿದು ಚಕ್ರ ನೋಡಿದರು, ಬಗ್ಗಿ ಗಣಪನನ್ನೂ ನೋಡಿದರು. ಎಷ್ಟೋ ತಿಂಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು.

“ದೇವರನ್ನೇ ಜರುಗಿಸಿಬಿಟ್ಟು ದಾರಿ ಕೇಳ್ತೀಯಲ್ಲೇ!” ಗಣಪನನ್ನು ಕಿತ್ತು ಜೇಬಿಗೆ ಹಾಕಿಕೊಂಡರು. “ಇನ್ನು ಇವನು ಬೇಡ. ದೂರ ನೋಡು, ಹೋಗ್ಬೇಕಾದ ಜಾಗ ನೋಡು. ಹತ್ತಿರದ್ದು ಕಣ್ಣಂಚಲ್ಲೇ ಗೊತ್ತಾಗುತ್ತೆ.”

ದೂರದ ಮೆಟ್ರೋ ಕಂಬ ನೋಡುತ್ತಾ ಹೊರಟೆ. ಸೊಂಟದ ಮೇಲೆ ಕೊಡ ಇಟ್ಟುಕೊಂಡು ಬಾಗಿಲು ದಾಟುವಾಗ ಕೊಡವನ್ನು ಯಾರು ನೋಡುತ್ತಾರೆ? ಹಾಗೆಯೇ ಕಾರಿನ ಎರಡೂ ಬದಿ ನನ್ನ ಮೈಗೇ ತಿಳಿಯತೊಡಗಿತು. ಈ ವಯಸ್ಸಿನಲ್ಲಿ ಮೈ ಇಷ್ಟಗಲ ಹರಡಿಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು! ಜುಮ್ಮೆಂದಿತು.

ಅಷ್ಟರಲ್ಲಿ ಎದುರಿಗೆ ನೀರಿನ ಟ್ಯಾಂಕರ್. ಎಡಕ್ಕೆ ನಿಂತ ಗೂಡ್ಸ್ ಆಟೋ. ಇವರೀಗ ಕೂಗಿದರೆ ನನ್ನ ಸ್ಟೀರಿಂಗ್ ಅತ್ತಿತ್ತ ಆಗುವುದು ಖಂಡಿತ. ಕೂಗಿ ನಾಚಿಕೊಂಡರೆ ಮತ್ತೆ ಈ ಕಾರನ್ನೂ ಹತ್ತುವುದಿಲ್ಲ, ಅದೂ ಖಂಡಿತ. ಎರಡರ ನಡುವೆ ಕಂಡ ರಸ್ತೆಯನ್ನೇ ನೋಡುತ್ತಾ ನಿಧಾನಕ್ಕೆ ಹೋದೆ. ಕನ್ನಡಿಗೆ ಗೇಣು ಜಾಗ ಬಿಟ್ಟು ಟ್ಯಾಂಕರ್ ದಾಟಿತು. ಪಕ್ಕದಲ್ಲಿ ಸದ್ದೇ ಇಲ್ಲ.

ತಿರುಗಿದರೆ, ನೆಟ್ಟಗಿದ್ದ ಒಂದು ಕಣ್ಣನ್ನೂ ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದಾರೆ.

“ಅಷ್ಟೊಂದು ಭಯಾನಾ ರೀ?”

“ತೆರೆದಿದ್ರೆ ಕೂಗ್ಬಿಡ್ತಿದ್ದೆ. ನಿನ್ನ ಅಳತೆ ತಪ್ಪೋದು.” ಕಣ್ಣು ಬಿಟ್ಟು, ಜೇಬಿನ ಗಣಪನನ್ನೊಮ್ಮೆ ಮುಟ್ಟಿ ನೋಡಿಕೊಂಡರು. “ನಾಳೆ ಪೀಣ್ಯಕ್ಕೆ ಹೋಗೋಣ್ವಾ?”